ಬಿದನೂರಿಗೆ ಹಬೆ ಇಂಜಿನ್ ತರೋಕೆ ಹೋಗಿ: ಮಾವನ ಜೊತೆ ನಾಲ್ಕು ದಿನ

ಎರಡು ವರ್ಷದಿಂದ ಒಂದು ಕಥೆ ಬರೀತಾ ಕೂತಿದ್ದೀನಿ, ಮುಗೀತಾನೇ ಇಲ್ಲ. ಕಥೆ ಏನಪ್ಪಾ ಅಂದ್ರೆ, ಟಿಪ್ಪು ಸುಲ್ತಾನ ಕಳ್ಸಿದ ಮೂರು ಜನ ರಾಯಭಾರಿಗಳು 1788ರಲ್ಲಿ ಪ್ಯಾರಿಸ್ ಮುಟ್ಟಿದ್ದು ನಿಜ, ಅವ್ರು 16ನೇ ಲೂಯಿ ದೊರೆನ ನೋಡಿದ್ದು ನಿಜ, ಬರುವಾಗ ಅಲ್ಲಿಂದ ಒಂದಿಷ್ಟು ಕುಶಲಕರ್ಮಿಗಳನ್ನ ಕರ್ಕೊಂಡು ಬಂದಿದ್ದೂ ನಿಜ. ಅದೇ ಪ್ಯಾರಿಸ್‌ನಲ್ಲಿ ಶಾಯೊ ಅನ್ನೋ ಕಡೆ ಪೆರಿಯೆ ಅನ್ನೋ ಅಣ್ಣತಮ್ಮಂದಿರು 1781ರಲ್ಲೇ ಜೇಮ್ಸ್ ವಾಟ್‌ನ ಹಬೆ ಇಂಜಿನ್ ಕೂರಿಸಿ ನದಿ ನೀರು ಎತ್ತಿ ಊರಿಗೆ ಕೊಡ್ತಾ ಇದ್ರು. ನನ್ನ ಕಥೆಲಿ ನಮ್ಮ ರಾಯಭಾರಿಗಳು ಒಂದು ದಿನ ಆ ಇಂಜಿನ್ ಮುಂದೆ ನಿಂತ್ಕೋತಾರೆ, ಬಾಯಿ ಬಿಟ್ಕೊಂಡು ನೋಡ್ತಾರೆ, ಗಡಿಯಾರ ರಿಪೇರಿಯವನ ಜೊತೆಗೆ ಆ ಇಂಜಿನ್ ನೋಡ್ಕೊಳ್ಳೋ ಒಬ್ಬನನ್ನೂ ಹಡಗು ಹತ್ತಿಸ್ತಾರೆ. ಅಷ್ಟೇ ಬದಲಾವಣೆ, ಉಳಿದಿದ್ದೆಲ್ಲ ಅಲ್ಲಿಂದ ತಾನಾಗೇ ಹುಟ್ಕೋಬೇಕು.

ಇಂಜಿನ್ ಬರೋದು ಶ್ರೀರಂಗಪಟ್ಟಣಕ್ಕಲ್ಲ, ನಮ್ಮ ಬಿದನೂರಿಗೆ, ಈಗಿನ ನಗರಕ್ಕೆ. ಯಾಕಂದ್ರೆ ನಾನು ಶಿವಮೊಗ್ಗದವನು, ನನ್ನ ಕಥೆ ನನ್ನಿಷ್ಟ.

ಟಿಪ್ಪು ಅಂದ ತಕ್ಷಣ ಫ್ಯಾಮಿಲಿ ಗ್ರೂಪಲ್ಲಿ ಎರಡು ಪಾರ್ಟಿ ಆಗಿ ಜಗಳ ಶುರುವಾಗತ್ತೆ ಅಂತ ಗೊತ್ತು. ನಂಗೆ ಆ ಜಗಳ ಬೇಡ. ಪಾಂಡಿಚೇರಿಯ ಫ್ರೆಂಚರಿಗೆ ಕಾಗದ ಬರೆದು "ನೀವು ಕಳ್ಸಿದ ಬ್ಯಾರೋಮೀಟರಲ್ಲಿ ಪಾದರಸ ಹಳೇದಾಗಿ ಏರ್ತಾ ಇಳೀತಾ ಇಲ್ಲ, ಹೊಸದು ಕಳ್ಸಿ" ಅನ್ನೋ ಅರ್ಥದಲ್ಲಿ ಕೇಳ್ದ ಮನುಷ್ಯ ಅವನು, ನಂಗೆ ಬೇಕಿರೋದು ಆ ಒಂದು ಮುಖ ಮಾತ್ರ.

ಕಥೆ ಎಲ್ಲಿ ನಿಂತಿದೆ ಅಂದ್ರೆ, ಇಂಜಿನ್ ನಗರಕ್ಕೆ ಬಂದಾಯ್ತು, ಆಮೇಲೆ ಏನು ಮಾಡ್ಬೇಕು ಗೊತ್ತಾಗ್ತಿಲ್ಲ. ಅದಕ್ಕೆ ದಸರಾ ರಜೆಲಿ ಜಾಗ ನೋಡ್ಕೊಂಡು ಬರೋಣ ಅಂತ ಹೊರಟೆ. ಜೊತೆಗೆ ಸೋದರಮಾವ, ಭದ್ರಾವತಿ ಕಾರ್ಖಾನೆಲಿ ಫಿಟ್ಟರ್ ಆಗಿ ರಿಟೈರ್ ಆದವರು. ಕಾರು ಓಡಿಸೋಕೆ ಮಾವನ ಮಗ.

ಮೊದಲನೇ ದಿನ: ಶಿವಮೊಗ್ಗ, ಭದ್ರಾವತಿ

ಮಾವ ಬೆಳಗ್ಗೆ ಮೊದಲನೇ ಬಸ್ಸಿಗೇ ಬಂದು ಬಸ್‌ಸ್ಟ್ಯಾಂಡಲ್ಲಿ ಕಾಫಿ ಕುಡ್ದು ಪೇಪರ್ ಎಲ್ಲ ಓದಿ ಮುಗ್ಸಿದ್ರು, ನಾವು ಹೋಗೋ ಹೊತ್ತಿಗೆ "ಈಗ ಬಂದ್ರಾ ಸಾಹೇಬ್ರು" ಅಂದ್ರು. ಮೊದಲು ಶಿವಪ್ಪ ನಾಯಕನ ಅರಮನೆ ಮ್ಯೂಸಿಯಂ. ಅಲ್ಲಿ ಶಾಸನ, ವೀರಗಲ್ಲು ಎಲ್ಲ ಚೆನ್ನಾಗೇ ಇದೆ, ಆದ್ರೆ ನಾವು ಹೋಗಿದ್ದು ರಾಕೆಟ್ ನೋಡೋಕೆ. 2018ರಲ್ಲಿ ನಗರದ ಹತ್ರ ಒಂದು ಹಾಳು ಬಾವಿಲಿ ಹೂಳು ತೆಗೆಯುವಾಗ 1000ಕ್ಕೂ ಜಾಸ್ತಿ ರಾಕೆಟ್ ಸಿಕ್ಕಿದ್ದು ಪೇಪರಲ್ಲಿ ಓದಿರ್ತೀರ. ಗೇಣುದ್ದದ ಕಬ್ಬಿಣದ ಕೊಳವೆಗಳು, ತುಕ್ಕು ಹಿಡ್ದು ಬೂದುಬಣ್ಣ ಆಗಿವೆ, ಸುಮ್ನೆ ನೋಡಿದ್ರೆ ಹಳೇ ಪೈಪ್ ತುಂಡು ಅನ್ಬೇಕು. ಕಾಗದದ ಕೊಳವೆ ಬಾಣ ಬಿರುಸಿಗೆ ಸಾಕು, ಇವ್ರು ಕಬ್ಬಿಣದ ಕೊಳವೆ ಮಾಡಿದ್ರಿಂದ ಒಳಗೆ ಮದ್ದು ಗಟ್ಟಿಯಾಗಿ ತುಂಬಬಹುದಿತ್ತು, ಒತ್ತಡ ತಡ್ಕೋತಿತ್ತು, ದೂರ ಹಾರ್ತಿತ್ತು. 1780ರಲ್ಲಿ ಪೊಳ್ಳಿಲೂರ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇದರ ರುಚಿ ನೋಡಿದ್ರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಥವನ್ನೇ ಲಂಡನ್ನಿಗೆ ಹೊತ್ಕೊಂಡು ಹೋದ್ರು, ಅದನ್ನ ನೋಡಿ ಕಾಂಗ್ರೀವ್ ಅನ್ನೋ ಇಂಗ್ಲಿಷ್‌ನವ್ನು ತನ್ನ ರಾಕೆಟ್ ಮಾಡ್ದ.

ನಾನು ಜೋಶಲ್ಲಿ ಹೇಳ್ದೆ, "ನೋಡಿ ಮಾವ, ಒತ್ತಡ ತಡ್ಕೊಳ್ಳೋ ಕಬ್ಬಿಣದ ಕೊಳವೆ ಮಾಡೋ ಜನಕ್ಕೆ ಬಾಯ್ಲರ್ ಮಾಡೋದು ದೊಡ್ಡ ವಿಷ್ಯ ಅಲ್ಲ."

ಮಾವ ಗಾಜಿನ ಹತ್ರ ಬಗ್ಗಿ ಕನ್ನಡಕ ಹಣೆಗೆ ಏರಿಸಿ ತುಂಬ ಹೊತ್ತು ನೋಡಿದ್ರು. ಕೊಳವೆ ಸುತ್ತಿರೋದು, ತುದಿ ಮಡಿಚಿರೋದು ಎಲ್ಲ ಮಗನಿಗೆ ತೋರಿಸಿದ್ರು. "ಆಚಾರಿ ಕೈ ಚೆನ್ನಾಗಿದೆ ಕಣೋ" ಅಂದ್ರು. ಆಮೇಲೆ, "ಆದ್ರೆ ರಾಕೆಟ್ಟಿಗೆ ರಿಪೇರಿ ಇಲ್ಲ. ಹಾರ್ತು, ಮುಗೀತು. ರಾಕೆಟ್ ಅಂದ್ರೆ ಹಬ್ಬ ಮಾರಾಯ, ಇಂಜಿನ್ ಅಂದ್ರೆ ಸಂಸಾರ. ದಿನಾ ಬೆಳಗಾದ್ರೆ ಏನೋ ಒಂದು ಸೋರ್ತಿರತ್ತೆ."

ಅಲ್ಲಿಂದ ಭದ್ರಾವತಿಗೆ ಅರ್ಧ ಗಂಟೆ. ಅತ್ತೆ ಅಕ್ಕಿರೊಟ್ಟಿ, ಕೆಸುವಿನ ಸೊಪ್ಪಿನ ಪತ್ರೊಡೆ ಮಾಡಿದ್ರು. ರಾತ್ರಿ ಊಟ ಆದ್ಮೇಲೆ ಕರೆಂಟ್ ಹೋಯ್ತು, ಕತ್ತಲೆಲಿ ಮಾವ ನನ್ನ ಕಥೆನ ಒಂದೊಂದೇ ನಟ್ಟು ಬಿಚ್ಚೋಕೆ ಶುರು ಮಾಡಿದ್ರು.

"ಕಲ್ಲಿದ್ದಲು ಎಲ್ಲಿಂದ ತರ್ತೀಯ?"

ಇದ್ದಿಲು ಅಂದೆ. ನಕ್ಕುಬಿಟ್ರು. ನಮ್ಮ ಕಡೆ ಕಲ್ಲಿದ್ದಲು ಇಲ್ಲ ಅನ್ನೋ ಒಂದೇ ಕಾರಣಕ್ಕೆ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಇದ್ದಿಲ ಕುಲುಮೆ ಹಾಕಿದ್ದು, ಕಾಡಿಂದ ಟ್ರಾಮಲ್ಲಿ ಸೌದೆ ಬರೋದು, ಅದನ್ನ ದೊಡ್ಡ ಒಲೆಲಿ ಮುಚ್ಚಿ ಸುಟ್ಟು ಇದ್ದಿಲು ಮಾಡೋರು, ಹೊಗೆನೂ ಬಿಡ್ದೆ ತಣಿಸಿ ಅದ್ರಿಂದ ಟಾರು, ಮರದ ಸ್ಪಿರಿಟ್ಟು ತೆಗೀತಿದ್ರು. ವಿಶ್ವೇಶ್ವರಯ್ಯನವರೇ ನಿಂತು ಕಾರ್ಖಾನೆ ನಡ್ಸಿದ ಕಾಲ ಅದು. ಆಮೇಲೆ ಜೋಗದ ಕರೆಂಟ್ ಬಂದ್ಮೇಲೆ ಕರೆಂಟ್ ಕುಲುಮೆ ಬಂತು. "ಕುಲುಮೆಗೆ ಇದ್ದಿಲು ಬೇಕೇ ಬೇಕು, ಬೇರೆ ದಾರಿ ಇಲ್ಲ. ಆದ್ರೆ ನೀರು ಎತ್ತೋಕೆ, ಚಕ್ರ ತಿರುಗ್ಸೋಕೆ ಕಾಡು ಸುಡ್ತೀಯಾ? ನಿನ್ನ ಸುಲ್ತಾನ ಹತ್ತು ವರ್ಷಕ್ಕೆ ಮಲೆನಾಡು ಬೋಳು ಮಾಡ್ತಾನೆ."

ಆಮೇಲೆ ಸಿಲಿಂಡರ್ ವಿಷ್ಯ. ಇದು ನಂಗೆ ಅರ್ಧ ಗೊತ್ತಿತ್ತು, ಮಾವ ಪೂರ್ತಿ ಮಾಡಿದ್ರು. ವಾಟ್ 1769ರಲ್ಲೇ ಪೇಟೆಂಟ್ ಮಾಡಿಸ್ಕೊಂಡ್ರೂ ಇಂಜಿನ್ ಮಾರೋಕೆ ಆಗಿದ್ದು 1776ಕ್ಕೆ, ಯಾಕಂದ್ರೆ ಒಳಗೆ ಗುಂಡಗಿರೋ ಸಿಲಿಂಡರ್ ಯಾರಿಗೂ ಕೊರೆಯೋಕೆ ಬರ್ತಿರ್ಲಿಲ್ಲ, ಪಿಸ್ಟನ್ ಸುತ್ತ ಸೆಣಬು ತುರುಕಿದ್ರೂ ಹಬೆ ಸೋರೋದು. ಕೊನೆಗೆ ವಿಲ್ಕಿನ್ಸನ್ ಅನ್ನೋನು 1774ರಲ್ಲಿ ಫಿರಂಗಿ ಕೊರೆಯೋಕೆ ಅಂತ ಮಾಡಿದ ಮಿಷನ್ನಿನ ಕಸುಬೇ ವಾಟ್‌ನ ಕಾಪಾಡ್ತು. 50 ಇಂಚಿನ ಸಿಲಿಂಡರಲ್ಲಿ ಒಂದು ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸ ಇಲ್ಲ ಅಂತ ವಾಟ್‌ನ ಪಾರ್ಟ್ನರ್ ಬೋಲ್ಟನ್ ಹಿಗ್ಗಿ ಬರ್ದಿದ್ದ. ಅಂದ್ರೆ ಹಬೆ ಇಂಜಿನ್ನಿಗೆ ದಾರಿ ಮಾಡ್ಕೊಟ್ಟಿದ್ದು ಫಿರಂಗಿ ಕೊರೆಯೋ ಯಂತ್ರ.

"ಒಂದು ಶಿಲ್ಲಿಂಗ್ ದಪ್ಪನಾ!" ಮಾವ ಕತ್ತಲೆಲೇ ತಲೆ ಆಡ್ಸಿದ್ದು ಗೊತ್ತಾಯ್ತು. "ನಮ್ಮ ಫೋರ್‌ಮನ್ ಆಗಿದ್ರೆ ಆ ಜಾಬ್ ವಾಪಸ್ ಎಸೀತಿದ್ರು."

ಎರಡನೇ ದಿನ: ಕೆಮ್ಮಣ್ಣುಗುಂಡಿ

ಇದನ್ನ ಬೇಗ ಮುಗಿಸ್ತೀನಿ ಯಾಕಂದ್ರೆ ಏನೂ ಕಾಣ್ಲಿಲ್ಲ. ಭದ್ರಾವತಿ ಕುಲುಮೆಗೆ ಅದಿರು ಬರ್ತಿದ್ದಿದ್ದು ಇಲ್ಲಿಂದ, ಬೆಟ್ಟದ ಮೇಲಿಂದ ರೋಪ್‌ವೇಲಿ ತಣಿಗೆಬೈಲಿಗೆ ಇಳಿಸಿ ಅಲ್ಲಿಂದ ಟ್ರಾಮಲ್ಲಿ ಸಾಗಿಸ್ತಿದ್ರು. ನಾವು ತರೀಕೆರೆ, ಲಿಂಗದಹಳ್ಳಿ ಮೇಲೆ ಹತ್ತಿದ್ವಿ, ಮೇಲೆ ಮಂಜು ಎಷ್ಟಿತ್ತು ಅಂದ್ರೆ ಮಾವನ ಕೊಡೆ ಕಾಣ್ತಿತ್ತು, ಮಾವ ಕಾಣ್ತಿರ್ಲಿಲ್ಲ. ಮಿರ್ಚಿ ತಿಂದು ಇಳಿದ್ವಿ. ಮನೆಗೆ ಬಂದು ನೋಡಿದ್ರೆ ಚಪ್ಪಲಿ, ಪ್ಯಾಂಟು, ಕಾರಿನ ಮ್ಯಾಟು ಎಲ್ಲ ಕೆಂಪು, ಅತ್ತೆ ಬೈಕೊಂಡು ಬಕೆಟ್ಟಿಗೆ ಹಾಕಿದ್ರು, ನೀರು ಮೂರು ಸಲ ಬದಲಾಯಿಸಿದ್ರೂ ಕೆಂಪೇ. ಊರಿನ ಹೆಸರಲ್ಲೇ ಇದೆಯಲ್ಲ ಅದಿರು.

ಅಂತೂ ಕಬ್ಬಿಣ ಇದೆ. ಅದೊಂದು ಟಿಕ್ ಹಾಕ್ಕೊಂಡೆ.

ರಾತ್ರಿ ಫೋನಲ್ಲಿ ಹಳೇ ನೋಟ್ಸ್ ತಿರುವಿ ಹಾಕ್ತಾ ಇರುವಾಗ, ಯಾವಾಗ್ಲೋ ಬರ್ಕೊಂಡು ಮರೆತಿದ್ದ ಒಂದು ವಿಷ್ಯ ಸಿಕ್ತು, ಎದ್ದು ಕೂತೆ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಬುಕನನ್ ಅನ್ನೋ ಡಾಕ್ಟರ್ ಕಂಪನಿ ಪರವಾಗಿ ಮೈಸೂರು ಸೀಮೆ ಪೂರ್ತಿ ಸುತ್ತಿ ಬೆಳೆ, ಮಗ್ಗ, ಕುಲುಮೆ ಎಲ್ಲ ನೋಡಿ ಬರ್ಕೊಂಡ. ಶ್ರೀರಂಗಪಟ್ಟಣದ ಬಗ್ಗೆ ಬರೀತಾ ಹೇಳ್ತಾನೆ, ಒಬ್ಬ ಫ್ರೆಂಚ್ ಕಸುಬಿಯವನು ಫಿರಂಗಿ ಕೊರೆಯೋಕೆ ನೀರಿಂದ ತಿರುಗೋ ಯಂತ್ರ ಮಾಡಿಕೊಟ್ಟಿದ್ದ, ಸುಲ್ತಾನನಿಗೆ ಅದರ ಬೆಲೆ ಗೊತ್ತಾಗ್ದೆ ನೀರಿನ ಚಕ್ರ ತೆಗೆಸಿ ಎತ್ತು ಕಟ್ಟಿಸ್ದ, ಅಂತ.

ಫಿರಂಗಿ ಕೊರೆಯೋ ಯಂತ್ರ! ನಿನ್ನೆ ರಾತ್ರಿ ಮಾತಾಡಿದ ಅದೇ ಜಾತಿ ಯಂತ್ರ. ವಿಲ್ಕಿನ್ಸನ್‌ದೂ ನೀರಿನ ಚಕ್ರದ ಮೇಲೇ ತಿರುಗ್ತಿದ್ದಿದ್ದು. ನನ್ನ ವಿಜ್ಞಾನಪ್ರಿಯ ಸುಲ್ತಾನನ ಅಂಗಳದಲ್ಲೇ ಅದು ಇತ್ತು, ಅವನೇ ಚಕ್ರ ಬಿಚ್ಚಿಸ್ದ. ಎರಡು ವರ್ಷ ಬರೆದ ಕಥೆ ಒಂದು ಸಾಲಲ್ಲಿ ಹೋಯ್ತಲ್ಲ ಅನ್ಸಿ ನಿದ್ದೆ ಬರ್ಲಿಲ್ಲ.

ಮೂರನೇ ದಿನ: ತೀರ್ಥಹಳ್ಳಿ ದಾರಿ, ನಗರ

ಬೆಳಗ್ಗೆ ಕಾರಲ್ಲಿ ಮಾವಂಗೆ ಹೇಳ್ದೆ. ಗಾಜನೂರು ದಾಟೋವರೆಗೂ ಮಾತಾಡ್ಲಿಲ್ಲ. ಮಂಡಗದ್ದೆ ಹತ್ರ ಟೀ ಕುಡಿಯೋಕೆ ನಿಲ್ಸಿದಾಗ ಶುರು ಮಾಡಿದ್ರು.

"ಅವ್ನು ದಡ್ಡ ಅಂತ ಯಾಕಂತೀಯ? ಕಾವೇರಿ ಬೇಸಿಗೆಲಿ ಎಷ್ಟು ಹರಿಯತ್ತೆ? ಚಕ್ರ ನಿಂತ್ರೆ ಕೆಲ್ಸ ನಿಂತು. ಫ್ರೆಂಚ್‌ನವ್ನು ಜ್ವರ ಬಂದು ಮಲಗ್ದ ಅನ್ನು, ಚಕ್ರದ ಹಲ್ಲು ಮುರೀತು ಅನ್ನು, ಯಾರು ಮಾಡ್ತಾರೆ? ಎತ್ತು ಸತ್ರೆ ಸಂತೆಲಿ ಇನ್ನೊಂದು ಎತ್ತು ಸಿಗತ್ತೆ. ಎತ್ತಿಗೆ ಸ್ಪೇರ್ ಪಾರ್ಟ್ ಹಳ್ಳಿ ಹಳ್ಳಿಲಿದೆ ಮಾರಾಯ."

ಮಾವನ ಅಪ್ಪ, ಅಂದ್ರೆ ನನ್ನಜ್ಜ, ಸಾಗರದ ಕಡೆ ಆಲೆಮನೆ ನಡೆಸ್ತಿದ್ರು. ಕೋಣ ಕಟ್ಟಿದ ಗಾಣ. ಆಮೇಲೆ ಡೀಸೆಲ್ ಇಂಜಿನ್ ತಂದ್ರು, ಮೊದಲನೇ ವರ್ಷ ಭಾರಿ ಖುಷಿ, ಎರಡನೇ ವರ್ಷ ಕಬ್ಬು ಕಡಿದು ರಾಶಿ ಹಾಕಿದ ದಿನವೇ ಇಂಜಿನ್ ಕೆಟ್ಟು, ಮೆಕ್ಯಾನಿಕ್ ಶಿವಮೊಗ್ಗದಿಂದ ಬರೋಕೆ ನಾಲ್ಕು ದಿನ. ಕಬ್ಬು ಒಣಗ್ತು. ಅಜ್ಜ ಕೋಣ ಮಾರಿದ್ದಕ್ಕೆ ಊರೆಲ್ಲ ಬೈಸ್ಕೊಂಡ್ರಂತೆ. "ನಾನು ಫಿಟ್ಟರ್ ಆಗಿದ್ದು ಅವತ್ತೇ ಅಂತ ತಿಳ್ಕೋ" ಅಂದ್ರು ಮಾವ. ಇಷ್ಟು ವರ್ಷದಲ್ಲಿ ಈ ಕಥೆ ನಾನು ಕೇಳೇ ಇರ್ಲಿಲ್ಲ.

ತೀರ್ಥಹಳ್ಳಿ ದಾಟಿ ನಗರದ ರಸ್ತೆ ಹಿಡಿದ್ವಿ, ಮಳೆ ಶುರುವಾಯ್ತು. ಸುಮಾರಾದ ಮಳೆ ಅಲ್ಲ, ಎದುರಿಗೆ ಯಾರೋ ಕೊಡದಲ್ಲಿ ಎರಚ್ತಾ ಇರೋ ತರ. ನಗರದ ಪಕ್ಕದ ಹುಲಿಕಲ್ಲಲ್ಲಿ ಎಷ್ಟೋ ವರ್ಷ ಆಗುಂಬೆಗಿಂತ ಜಾಸ್ತಿ ಮಳೆ ಬೀಳತ್ತೆ, ಅದನ್ನ ಓದಿದ್ದೆ, ಅನುಭವಿಸಿರ್ಲಿಲ್ಲ. ಸರಿಯಾಗಿ ಕಾಡಿನ ಮಧ್ಯ ವೈಪರ್ ನಿಂತುಹೋಯ್ತು. ಮಾವನ ಮಗ ಫ್ಯೂಸ್ ನೋಡ್ದ, ಸರಿ ಇದೆ. ಮೋಟರೇ ಮಾತಾಡ್ತಿಲ್ಲ. ಫೋನ್ ಸಿಗ್ನಲ್ ಇಲ್ಲ.

ಮಾವ ಡಿಕ್ಕಿ ತೆಗ್ಸಿ ಅಡಿಕೆ ಚೀಲ ಕಟ್ಟೋ ಪ್ಲಾಸ್ಟಿಕ್ ಹಗ್ಗ ಹುಡುಕಿದ್ರು. ಮಳೆಲೇ ಬಾನೆಟ್ ಎತ್ತಿ ಮೋಟರಿನ ಕೊಂಡಿ ಕಳಚಿದ್ರು, ವೈಪರ್ ಕಡ್ಡಿಗೆ ಎರಡೂ ಕಡೆ ಹಗ್ಗ ಕಟ್ಟಿ ಒಂದು ತುದಿ ಡ್ರೈವರ್ ಪಕ್ಕದ ಕಿಟಕಿಯಿಂದ, ಇನ್ನೊಂದು ನನ್ನ ಕಿಟಕಿಯಿಂದ ಒಳಗೆ ತಂದ್ರು. ಈಗ ಅವ್ನು ಎಳೀಬೇಕು, ನಾನು ಎಳೀಬೇಕು, ಅವ್ನು, ನಾನು. ಹೀಗೆ ಗಂಟೆಗೆ 15 ಕಿಲೋಮೀಟರಲ್ಲಿ, ಎರಡೂ ಕಿಟಕಿಯಿಂದ ಮಳೆ ಒಳಗೆ ಹೊಡೀತಾ, ಮೈಯೆಲ್ಲ ಒದ್ದೆ, ಹಿಂದೆ ಮಾವ ಕಂಬಳಿ ಹೊದ್ದು ಕೂತು ಕೇಳ್ತಾರೆ, "ಏನೋ ಅಳಿಯ, ನೀರಿನ ಚಕ್ರ ತೆಗೆದು ಎತ್ತು ಕಟ್ಟಿದ್ದು ಸರಿನೋ ತಪ್ಪೋ?"

ನಾನು ಎತ್ತಾಗಿದ್ದೆ, ಉತ್ತರ ಹೇಳೋ ಸ್ಥಿತಿಲಿರ್ಲಿಲ್ಲ.

ರಾತ್ರಿ ಉಳಿದಿದ್ದು ನಗರದಿಂದ ಸ್ವಲ್ಪ ಒಳಗೆ ಮಾವನ ಷಡ್ಡಕರ ಮನೆಲಿ, ಅತ್ತೆಯ ಅಕ್ಕನ ಮನೆ. ತೋಟದ ಮಧ್ಯ ಒಂಟಿ ಮನೆ. ದಾರಿಯುದ್ದಕ್ಕೂ ಕರೆಂಟ್ ಇಲ್ಲ, ಕಂಬ ಬಿದ್ದಿದೆ, ಆದ್ರೆ ಈ ಮನೆ ಮದುವೆ ಮನೆ ತರ ಬೆಳಗ್ತಾ ಇದೆ. ಕೊಟ್ಟಿಗೆಲೂ ಬಲ್ಬು, ಬಾವಿ ಕಟ್ಟೆ ಮೇಲೂ ಬಲ್ಬು. ಬಚ್ಚಲಲ್ಲಿ ಒಲೆ ಹಚ್ಚಿಲ್ಲ, ಹಂಡೆಲಿ ಕುದಿಯೋ ನೀರು. ನಾನು ಇನ್ವರ್ಟರ್ ಇರ್ಬೇಕು ಅಂದ್ಕೊಂಡೆ. ಷಡ್ಡಕರು ಟಾರ್ಚ್ ಹಿಡ್ಕೊಂಡು ಹಿತ್ತಿಲಿಗೆ ಕರ್ಕೊಂಡು ಹೋದ್ರು.

ಗುಡ್ಡದ ಮೇಲಿನ ಹಳ್ಳಕ್ಕೆ ಸಣ್ಣ ಕಟ್ಟ ಹಾಕಿ ಅಲ್ಲಿಂದ ಪೈಪಲ್ಲಿ ನೀರು ಇಳ್ಸಿದ್ದಾರೆ, ಕೆಳಗೆ ಒಂದು ತಗಡಿನ ಡಬ್ಬದೊಳಗೆ ಬೊಗಸೆ ಬೊಗಸೆ ತರ ಬಟ್ಟಲಿರೋ ಚಕ್ರ, ಅದಕ್ಕೆ ನೀರು ಸಣ್ಣ ಮೂತಿಯಿಂದ ಚಿಮ್ಮಿ ಹೊಡಿಯತ್ತೆ, ಪಕ್ಕದಲ್ಲಿ ಜನರೇಟರ್. ಟರ್ಬೈನ್ ಅಂತಾರೆ ಎಲ್ಲರೂ. ಲೆಕ್ಕ ಸುಲಭ: ಸೆಕೆಂಡಿಗೆ 5 ಲೀಟರ್ ನೀರು 30 ಮೀಟರ್ ಎತ್ತರದಿಂದ ಇಳಿದ್ರೆ, ಅಲ್ಲಿ ಇಲ್ಲಿ ಸೋರಿ ಹೋಗಿದ್ದು ಕಳೆದು ಒಂದು ಕಿಲೋವ್ಯಾಟಿನ ಹತ್ರ ಸಿಗತ್ತೆ. ಚಕ್ರನ ನಿಲ್ಸೋ ಹಂಗಿಲ್ಲ, ಲೋಡ್ ಇಲ್ದಿದ್ರೆ ಹುಚ್ಚು ಹಿಡ್ದಂಗೆ ಸ್ಪೀಡಾಗತ್ತೆ, ಅದಕ್ಕೆ ಮನೆಲಿ ಬಳಸ್ದೆ ಉಳಿದ ಕರೆಂಟೆಲ್ಲ ಹಂಡೆಯ ಹೀಟರಿಗೆ ಹೋಗೋ ಹಂಗೆ ಒಂದು ಬಾಕ್ಸ್ ಇಟ್ಟಿದ್ದಾರೆ. ಬಿಸಿನೀರಿನ ಗುಟ್ಟು ಅದು.

ನಾನು ಅಲ್ಲೇ ಮಳೆಲಿ ನಿಂತು ಲೆಕ್ಕ ಹಾಕ್ದೆ. ಒಂದು ಜೊತೆ ಎತ್ತು ಒಂದೇ ಸಮ ದುಡಿದ್ರೆ ಹೆಚ್ಚುಕಮ್ಮಿ ಒಂದು ಅಶ್ವಶಕ್ತಿ, ಅಂದ್ರೆ 750 ವ್ಯಾಟಿನ ಹತ್ರ. ಈ ಪೈಪು ಒಂದು ಜೊತೆ ಎತ್ತಿಗಿಂತ ಜಾಸ್ತಿ, ಹಗಲೂ ರಾತ್ರಿ, ಹುಲ್ಲಿಲ್ದೆ. ನಾನು ಎರಡು ವರ್ಷದಿಂದ ಪ್ಯಾರಿಸ್ಸಿಂದ ಹಬೆ ಇಂಜಿನ್ ಹೊತ್ಕೊಂಡು ಬರ್ತಾ ಇದ್ದೆ, ಬಿದನೂರಲ್ಲಿ ಆಕಾಶದಿಂದ ಬೀಳ್ತಾ ಇರೋದು ಮರ್ತು! ಇಂಗ್ಲೆಂಡಲ್ಲೇ ಆರ್ಕ್‌ರೈಟ್ 1771ರಲ್ಲಿ ಕ್ರಾಮ್‌ಫರ್ಡಲ್ಲಿ ಹತ್ತಿ ಗಿರಣಿ ಶುರು ಮಾಡಿದ್ದು ನೀರಿನ ಚಕ್ರದ ಮೇಲೆ. 1800ರವರೆಗೆ ಬೋಲ್ಟನ್ ವಾಟ್ ಕಂಪನಿ ಮಾಡಿದ್ದೇ ಸುಮಾರು 500 ಇಂಜಿನ್, ಅದೂ ಕಲ್ಲಿದ್ದಲಿದ್ದ ದೇಶದಲ್ಲಿ. ಸುಲ್ತಾನ ಪಟ್ಟಣದಲ್ಲಿ ಬಿಚ್ಚಿಸಿದ ಆ ಚಕ್ರನ ಎಸೀದೆ ನಗರಕ್ಕೆ ಕಳ್ಸಿದ್ರೆ? ಕಥೆ ತಿರುಗ್ಬೇಕಾದ್ದು ಅಲ್ಲಿ.

"ಬೇಸಿಗೆಲಿ?" ಮಾವ ಕೇಳೇ ಬಿಟ್ರು.

ಷಡ್ಡಕರು ಅಂದ್ರು, "ಡಿಸೆಂಬರ್ ಕೊನೆವರೆಗೆ ತೊಂದ್ರೆ ಇಲ್ಲ. ಆಮೇಲೆ ಹಳ್ಳ ಸಣ್ಣ ಆಗತ್ತೆ, ನಿಲ್ಸಿ ಬಿಚ್ಚಿ ಗ್ರೀಸ್ ಹಾಕಿ ಇಡ್ತೀನಿ. ಶುರುವಿಗೆ ಬೇರಿಂಗ್ ಹೋದ್ರೆ ಕಂಪನಿಯವ್ರಿಗೆ ಫೋನ್ ಮಾಡಿ ಕಾಯ್ತಿದ್ದೆ, ಈಗ ನಾನೇ ಹಾಕ್ತೀನಿ."

ಮಾವ ಆ ಡಬ್ಬದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿ ಇಟ್ಟು ಶಬ್ದ ಕೇಳಿದ್ರು, "ಎಡಗಡೆ ಬೇರಿಂಗ್ ಇನ್ನು ಒಂದು ತಿಂಗ್ಳು" ಅಂದ್ರು. ಇಬ್ರೂ ಅಲ್ಲೇ ಅರ್ಧ ಗಂಟೆ. ನನ್ನ ಕಡೆ ಯಾರೂ ನೋಡ್ಲಿಲ್ಲ.

ಊಟಕ್ಕೆ ಕೂತಾಗ ಈ ಹೊಸ ಕಥೆ ಎಲ್ಲರಿಗೂ ಹೇಳ್ದೆ, ಸುಲ್ತಾನ ನಗರದ ಸುತ್ತ ಹಳ್ಳಗಳಿಗೆ ಕಟ್ಟೆ ಕಟ್ಟಿಸ್ತಾನೆ, ಬೇಸಿಗೆಗೂ ನೀರು ಉಳ್ಸ್ತಾನೆ, ವರ್ಷವಿಡೀ ಚಕ್ರ ತಿರುಗತ್ತೆ ಅಂತ. ತಂಬುಳಿ ಬಡಿಸ್ತಿದ್ದ ದೊಡ್ಡತ್ತೆ ಸೌಟು ನಿಲ್ಸಿ ಕೇಳಿದ್ರು, "ಆ ಕಟ್ಟೆ ನೀರಲ್ಲಿ ಯಾರ ಮನೆ ಮುಳುಗ್ತು?"

ಇವ್ರ ತವರು ಲಿಂಗನಮಕ್ಕಿ ಹಿನ್ನೀರಲ್ಲಿದೆ. ಡ್ಯಾಮ್ ಮುಗಿದಿದ್ದು 1964ರಲ್ಲಿ, ಆಗ ದೊಡ್ಡತ್ತೆ ಇನ್ನೂ ಸಣ್ಣ ಹುಡುಗಿ, ಮನೆ ಹೆಂಚು ಇಳ್ಸಿ ಲಾರಿಗೆ ಹಾಕಿದ್ದು, ದನಗಳು ವಾಪಸ್ ಊರ ಕಡೆ ಓಡಿದ್ದು ನೆನಪಿದೆ ಅಂತಾರೆ. ಮುಳುಗಡೆಯಿಂದ ಎದ್ದು ಹೋದ ಎಷ್ಟೋ ಕುಟುಂಬದ ಜಾಗದ ಹಕ್ಕುಪತ್ರದ ಗಲಾಟೆ ಇವತ್ತಿಗೂ ಮುಗ್ದಿಲ್ಲ. ನಾನು ಏನೂ ಹೇಳ್ಲಿಲ್ಲ, ತಂಬುಳಿ ಕುಡ್ದೆ. ಕಥೆಲಿ ದೊಡ್ಡ ಕಟ್ಟೆ ಕಟ್ಟೋದು ಬೇಡ ಅಂತ ಅಲ್ಲೇ ತೀರ್ಮಾನ ಆಯ್ತು, ಬೇಸಿಗೆಲಿ ಚಕ್ರ ನಿಲ್ಲಲಿ, ಬಿಚ್ಚಿ ಎಣ್ಣೆ ಹಾಕಿ ಇಡ್ಲಿ.

ನಾಲ್ಕನೇ ದಿನ: ನಗರ ಕೋಟೆ, ಸಾಗರ, ಜೋಗ

ಬೆಳಗ್ಗೆ ಮಳೆ ಬಿಟ್ಟಿತ್ತು. ನಗರ ಕೋಟೆ ರಸ್ತೆ ಪಕ್ಕದಲ್ಲೇ, ಪಾಚಿ ಹಿಡ್ದ ಜಂಬಿಟ್ಟಿಗೆ ಗೋಡೆ, ಪಕ್ಕಕ್ಕೆ ಕೆರೆ. ಕೆಳದಿಯವರು ಇಕ್ಕೇರಿ ಬಿಟ್ಟು ಬಂದು ಇದನ್ನ ರಾಜಧಾನಿ ಮಾಡ್ಕೊಂಡ್ರು, 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಶಿಸ್ತಿನ ಕಂದಾಯದ ಲೆಕ್ಕ ಶಾಲೆಲಿ ಎಲ್ಲರೂ ಓದಿದ್ದೇ. 1763ರಲ್ಲಿ ಹೈದರ್ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ, ಇಲ್ಲಿ ಟಂಕಸಾಲೆ ಇತ್ತು. 1783ರಲ್ಲಿ ಬ್ರಿಟಿಷರ ಜನರಲ್ ಮ್ಯಾಥ್ಯೂಸ್ ಹಿಡ್ಕೊಂಡ, ಅದೇ ವರ್ಷ ಟಿಪ್ಪು ವಾಪಸ್ ಕಿತ್ಕೊಂಡ. ಮೇಲೆ ಹತ್ತಿದ್ರೆ ದರ್ಬಾರಿನ ಅಡಿಪಾಯ, ಅಕ್ಕತಂಗಿಯರ ಕೊಳ, ಸುತ್ತ ಬರೀ ಹಸಿರು.

ಅಲ್ಲಿ ಕೂತು ವರ್ಷದ ಲೆಕ್ಕ ಮಾಡಿದ್ವಿ. ರಾಯಭಾರಿಗಳು ಫ್ರಾನ್ಸಿಂದ ವಾಪಸ್ ಬಂದಿದ್ದು 1789. ಅದೇ ಜುಲೈಲಿ ಅಲ್ಲಿ ಕ್ರಾಂತಿ ಶುರು, ಇನ್ನು ಅಲ್ಲಿಂದ ನಟ್ಟೂ ಬರಲ್ಲ, ಬೋಲ್ಟೂ ಬರಲ್ಲ. 1790ಕ್ಕೆ ಕಂಪನಿ ಜೊತೆ ಯುದ್ಧ. 1792ರಲ್ಲಿ ಅರ್ಧ ರಾಜ್ಯ ಹೋಯ್ತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ರು ಮಕ್ಕಳು ಒತ್ತೆ. ಆದ್ರೆ ನಗರ ಕೈ ತಪ್ಪಿರ್ಲಿಲ್ಲ, ಮಂಗಳೂರೂ ಇತ್ತು. ಅಂದ್ರೆ 1792ರಿಂದ 1799ರವರೆಗೆ ದುಡ್ಡಿಲ್ಲದ ಏಳು ಮಳೆಗಾಲ ನಂಗೆ ಸಿಗತ್ತೆ. ದುಡ್ಡಿಲ್ಲದ ಸುಲ್ತಾನ ಹೊಸ ಇಂಜಿನ್ ತರಿಸಲ್ಲ, ಹಳೇ ಚಕ್ರ ಹುಡುಕ್ತಾನೆ. ಇದು ನಂಬೋ ಹಂಗಿದೆ.

ಮಾವನ ಮಗ ಅಲ್ಲಿವರೆಗೂ ಸುಮ್ನಿದ್ದವ್ನು ಕೇಳ್ದ, "ದುಡ್ಡಿಲ್ಲ ಅಂದ್ರೆ ಕಂದಾಯ ಜಾಸ್ತಿ ಮಾಡ್ತಾನೆ ಅಲ್ವಾ? ನಗರದ ರೈತ್ರು ಸುಮ್ನಿರ್ತಾರಾ?" ಒಳ್ಳೆ ಪ್ರಶ್ನೆ. 1830ರಲ್ಲಿ ಇದೇ ನಗರ ಸೀಮೆ ರೈತ್ರು ಕಂದಾಯದ ಕಾಟಕ್ಕೆ ದಂಗೆ ಎದ್ದು, ಅದ್ರ ನೆಪದಲ್ಲೇ 1831ರಲ್ಲಿ ಬ್ರಿಟಿಷರು ಮೈಸೂರು ಆಡಳಿತ ತಗೊಂಡ್ರು. ನನ್ನ ಕಥೆಲಿ ಅದು 35 ವರ್ಷ ಮೊದ್ಲೇ ಆಗ್ಬಹುದು. ಬರ್ಕೊಂಡೆ.

ದೇವಗಂಗೆ ಕೊಳಕ್ಕೆ ಹೋಗ್ದೆ ಬರೋಕಾಗತ್ತಾ. ಕೆಳದಿ ಕಾಲದ ಏಳು ಕೊಳ, ಗುಡ್ಡದ ನೀರು ಒಂದರಿಂದ ಒಂದಕ್ಕೆ ಇಳೀತಾ ಹೋಗತ್ತೆ, ಪಂಪಿಲ್ಲ ಏನಿಲ್ಲ. ಮಾವ ಮಾತಾಡ್ದೆ ಕಲ್ಲಿನ ತೂಬು ಒಂದೊಂದೂ ಮುಟ್ಟಿ ನೋಡಿದ್ರು. ಹಳ್ಳದ ನೀರನ್ನ ಬೇಕಾದ ಮಟ್ಟಕ್ಕೆ, ಬೇಕಾದಷ್ಟು ತರೋ ಜನ ಇಲ್ಲಿ ಇದ್ರು ಅಂದ್ಮೇಲೆ ಚಕ್ರಕ್ಕೆ ಕಾಲುವೆ ತೋಡೋಕೆ ಫ್ರೆಂಚ್‌ನವ್ನು ಬೇಕಾಗಿಲ್ಲ. ಅದಕ್ಕೂ ಟಿಕ್.

ಸಾಗರದಲ್ಲಿ ಗ್ಯಾರೇಜ್. ಹುಡುಗ ಹಗ್ಗ ನೋಡಿ ನಕ್ಕ, ಇದೇನಿದು ಅಂದ. "ಎತ್ತು" ಅಂದ್ರು ಮಾವ. ಮೋಟರಿನ ಕಾರ್ಬನ್ ಸವೆದಿತ್ತಂತೆ, ಇಪ್ಪತ್ತು ನಿಮಿಷದಲ್ಲಿ ರೆಡಿ. ಹಗ್ಗ ಬಿಚ್ಚೋಕೆ ಹೋದ, ಮಾವ ಬೇಡ ಅಂದ್ರು, ಜೋಗದಲ್ಲಿ ಮಳೆ ಇರತ್ತೆ, ಇರ್ಲಿ.

ಜೋಗದಲ್ಲಿ ಮಳೆ ಇರ್ಲಿಲ್ಲ, ಮೋಡ ಇತ್ತು. 253 ಮೀಟರ್ ಬೀಳೋ ನೀರು ಒಂದು ಸಲ ಕಾಣತ್ತೆ, ಒಂದು ಸಲ ಬರೀ ಶಬ್ದ. ಇಲ್ಲಿ ಕರೆಂಟಿನ ಕೆಲ್ಸ ಶುರುವಾಗಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕೊನೆಗಾಲದಲ್ಲಿ, 1939ರಲ್ಲಿ, ಕರೆಂಟ್ ಬಂದಿದ್ದು 1948ರಲ್ಲಿ. ಮೈಸೂರು ಸೀಮೆ 1902ರಲ್ಲೇ ಶಿವನಸಮುದ್ರದ ನೀರಿಂದ ಕೋಲಾರದ ಗಣಿಗೆ ಕರೆಂಟ್ ಕಳ್ಸಿತ್ತು, 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ. ಮಾವ ಕೇಳಿದ್ರು, ನಿಜವಾಗಿ ನಡೆದಿದ್ದೇ ಇಷ್ಟಿರುವಾಗ ಸುಳ್ಳು ಕಥೆ ಯಾಕೋ ಅಂತ. ಫ್ರೆಂಚ್‌ನವನ ಚಕ್ರಕ್ಕೂ ಶಿವನಸಮುದ್ರದ ಚಕ್ರಕ್ಕೂ ಮಧ್ಯ ನೂರು ವರ್ಷಕ್ಕಿಂತ ಜಾಸ್ತಿ ಖಾಲಿ ಇದೆಯಲ್ಲ ಮಾವ, ಅದು ನೋಡೋಕಾಗಲ್ಲ ಅಂದೆ. ಹ್ಞೂಂ ಅಂದ್ರು. ಒಪ್ಪಿದ್ರೋ ಚಳಿಗೆ ಅಂದ್ರೋ.

ರಾತ್ರಿ ಹನ್ನೊಂದಕ್ಕೆ ಶಿವಮೊಗ್ಗ ಮುಟ್ಟಿ, ಮಾವ ಭದ್ರಾವತಿಗೆ ಹೋದ್ರು. ಮಾರನೇ ದಿನ ಕಥೆ ಹೊಸದಾಗಿ ಶುರು ಮಾಡ್ದೆ. ಪ್ಯಾರಿಸ್ಸಿನ ಮೂರು ಅಧ್ಯಾಯ ಕಿತ್ತು ಹಾಕ್ದೆ, ಸ್ವಲ್ಪ ಹೊಟ್ಟೆ ಉರೀತು, ಅರಮನೆ ವರ್ಣನೆ ಚೆನ್ನಾಗಿತ್ತು. ಈಗ ಮೊದಲನೇ ಸಾಲು ಹೀಗಿದೆ: 1793ರ ಜುಲೈ, ಬಿದನೂರಲ್ಲಿ ಒಂಬತ್ತು ದಿನದಿಂದ ಬಿಡದ ಮಳೆ, ಫ್ರೆಂಚ್‌ನವನಿಗೆ ಚಳಿಜ್ವರ, ಚಕ್ರ ಕಿರುಗುಡ್ತಾ ಇದೆ, ಅದನ್ನ ಬಿಚ್ಚಿ ನೋಡೋಕೆ ಊರಿನ ಆಚಾರಿ ಒಬ್ಬ ಕಂಬಳಿ ಕೊಪ್ಪೆ ಹಾಕ್ಕೊಂಡು ಹಳ್ಳಕ್ಕೆ ಇಳೀತಿದ್ದಾನೆ. ಸುಲ್ತಾನ ಮೂರನೇ ಅಧ್ಯಾಯದವರೆಗೂ ಬರೋದೇ ಇಲ್ಲ.

ಫೋನಲ್ಲಿ ಓದಿ ಹೇಳ್ದೆ. ಮಾವ ಕೇಳಿಸ್ಕೊಂಡು, "ಕಿರುಗುಡ್ತಾ ಇದೆ ಅಂದ್ಯಲ್ಲ, ಬೇರಿಂಗ್ ಎಂತದ್ದು ಹಾಕಿದ್ದೀಯ?"

ಕಬ್ಬಿಣದ ಗೂಟ, ಮರದ ದಿಮ್ಮಿ ಮೇಲೆ ತಿರುಗತ್ತೆ, ಹರಳೆಣ್ಣೆ ಹಾಕ್ತಾರೆ ಅಂದೆ.

"ಯಾವ ಮರ?"

ಅದೇ ಗೊತ್ತಾಗ್ತಿಲ್ಲ. ನಾಳೆ ಷಡ್ಡಕರಿಗೆ ಫೋನ್ ಮಾಡ್ಬೇಕು.